ಗಿಡದ ಆರೈಕೆ, ಡಬ್ಬಿಯ ಬಿಳುಪು
(ಸಂಘದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸ)



ಗಿಡಮೂಲಿಕೆಗಳಿಂದ ಚರ್ಮವನ್ನು ಕಾಪಾಡಿಕೊಂಡು ಆರೋಗ್ಯವಾಗಿ ವಯಸ್ಸಾಗುವುದು ಹೇಗೆ ಎಂಬುದು ಇಂದು ನನಗೆ ಕೊಟ್ಟ ವಿಷಯ. ನಮ್ಮ ಮನೆಗಳಿಗೆ ಹೊಸದಲ್ಲದ ಮದರಂಗಿಯಿಂದಲೇ ಆರಂಭಿಸುತ್ತೇನೆ. ಅದರ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಅದು ನಿಧಾನವಾಗಿ ಅಂಟಿಕೊಳ್ಳುತ್ತದೆ. ಮೊದಲು ಕಿತ್ತಳೆ ಬಣ್ಣ, ಮರುದಿನ ಕೆಂಪುಕಂದು. ಅರ್ಧ ಗಂಟೆಯಲ್ಲಿ ಕಡುಕಪ್ಪಾಗುವ ಶಕ್ತಿ ಆ ಎಲೆಗಿಲ್ಲ. ಹಾಗೆ ಕಪ್ಪಾದರೆ ಕೋನ್‌ನಲ್ಲಿ ಬೇರೇನೋ ಬೆರೆತಿದೆ ಎಂದರ್ಥ. ಹೆಚ್ಚಾಗಿ ಅದು ಕೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ. ಯುರೋಪಿನಲ್ಲಿ ಕೂದಲಿಗೆ ಹಚ್ಚುವಾಗಲೂ ಅದು ಶೇ. 2 ಮೀರುವಂತಿಲ್ಲ, ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಕೈಮೇಲೆದ್ದ ಗುಳ್ಳೆ ಮಾಯಬಹುದು, ಆದರೆ ಒಮ್ಮೆ ಅಲರ್ಜಿಯಾದ ದೇಹ ಅದನ್ನು ಸುಲಭವಾಗಿ ಮರೆಯುವುದಿಲ್ಲ. ಹಬ್ಬದ ಹಿಂದಿನ ಸಂಜೆ ಕಪ್ಪು ಕೋನ್ ಹಾಕಿಸಿಕೊಂಡ ಹುಡುಗಿ ನಲವತ್ತರ ವಯಸ್ಸಿನಲ್ಲಿ ನರೆಗೂದಲಿಗೆ ಡೈ ಹಚ್ಚಿದಾಗ ಮುಖ ಊದಿಕೊಂಡು ಆಸ್ಪತ್ರೆಗೆ ಓಡಬೇಕಾದೀತು.

ಬಿಳುಪಿನ ಕ್ರೀಮುಗಳ ಕತೆ ಇದಕ್ಕಿಂತ ಗಂಭೀರ. ನೆರೆಯ ಕೇರಳದ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ, ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ವೈದ್ಯರು ಗಮನಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದೇ ವಿಧ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಇಂಥ ಕ್ರೀಮುಗಳಲ್ಲಿರುವ ಪಾದರಸ ಚರ್ಮದ ಮೂಲಕವೇ ಒಳಹೋಗುತ್ತದೆ. ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವಾರದಲ್ಲೇ ಮುಖ ಹೊಳೆದರೂ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಎಲೆಯಲ್ಲ. ತಯಾರಕರ ವಿಳಾಸ, ಒಳಗಿನ ವಸ್ತುಗಳ ಪಟ್ಟಿ ಎರಡೂ ಇಲ್ಲದ ಡಬ್ಬಿ ಯಾರು ಉಡುಗೊರೆ ಕೊಟ್ಟರೂ ಬೇಡ, ಗಲ್ಫಿನಿಂದ ಬಂದ ಅಳಿಯನೇ ಕೊಟ್ಟರೂ!

ನಿಜವಾದ ಗಿಡದ ವಸ್ತುವೂ ಎಲ್ಲ ಕಡೆ ಒಳ್ಳೆಯದಲ್ಲ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ.

ಹಾಗಾದರೆ ದಿನನಿತ್ಯ ಮಾಡಬೇಕಾದದ್ದೇನು? ಮುಖದ ಸುಕ್ಕಿಗೆ ವಯಸ್ಸಿನಷ್ಟೇ ಬಿಸಿಲೂ ಕಾರಣ; ಮಳೆಗೆ ಹಿಡಿಯುವ ಕೊಡೆಯನ್ನು ಬಿಸಿಲಿಗೂ ಹಿಡಿಯಿರಿ. ವಯಸ್ಸಾದಂತೆ ಚರ್ಮದ ಜಿಡ್ಡು ಕಡಿಮೆಯಾಗಿ ತುರಿಕೆ ಶುರುವಾಗುತ್ತದೆ. ಅಂಥವರಿಗೆ ತೀರಾ ಬಿಸಿನೀರು, ಹೆಚ್ಚು ಸೋಪು ಬೇಡ. ಸ್ನಾನ ಮುಗಿದು ಮೈ ಇನ್ನೂ ತೇವವಿರುವಾಗಲೇ ತೆಳುವಾಗಿ ತೆಂಗಿನೆಣ್ಣೆ ಸವರಿದರೆ ತೇವ ಒಳಗೇ ನಿಲ್ಲುತ್ತದೆ.

ಇನ್ನೊಂದು ಮಾತು ಮನೆಯ ಹಿರಿಯರಿಗಾಗಿ. ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಪಾದ ತೊಳೆಯುತ್ತೇವೆ. ಆದರೆ ಬೆರಳ ಸಂದು ಒದ್ದೆಯಾಗಿಯೇ ಉಳಿದರೆ ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಚರ್ಮ ಬಿರಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾದಾಗ ಆ ಬಿರುಕು ಗೊತ್ತೇ ಆಗದೆ ಹುಣ್ಣಾಗಬಹುದು. ಬಟ್ಟೆಯಿಂದ ಸಂದುಗಳನ್ನು ಒರೆಸಿ, ಎಣ್ಣೆಯನ್ನು ಹಿಮ್ಮಡಿಗೆ ಹಚ್ಚಿ, ಸಂದಿಗೆ ಹಚ್ಚಬೇಡಿ.

ವಿದ್ಯಾರ್ಥಿಗಳೇ, ಅಜ್ಜ ಅಜ್ಜಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ. ಇಂದು ರಾತ್ರಿ ನೀವು ಟಾರ್ಚ್ ಹಿಡಿದು ನೋಡಿ. ಗಾಯವೋ ಗುಳ್ಳೆಯೋ ಕಂಡರೆ ಮನೆಮದ್ದು ಹಚ್ಚದೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.