ಬಿಸಿನೀರಿನ ಪೂರ್ತಿ ಲೆಕ್ಕ



ಒಂದು ಮನೆಯ ಸ್ನಾನದ ನೀರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 4.65 ಯೂನಿಟ್ ಶಾಖ ಬೇಕು. ಕಾಯಿಲ್ ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ಪಡೆಯುತ್ತದೆ. ಹೀಟ್ ಪಂಪ್ ಬಹುಪಾಲು ಶಾಖವನ್ನು ಹೊರಗಿನ ಗಾಳಿಯಿಂದ ಹೀರಿ ನೀರಿಗೆ ಸೇರಿಸುತ್ತದೆ; ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಡುವ ಯಂತ್ರಕ್ಕೆ 1.55 ಯೂನಿಟ್ ಸಾಕು. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸರಿಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ದಿನಕ್ಕೆ ಎರಡು ಕಿಲೋಗೂ ಹೆಚ್ಚು ಉಳಿತಾಯ. ಆದರೆ ಆ ಯಂತ್ರದೊಳಗೆ ಶಾಖ ಹೊರುವ ಶೀತಕ ಆರ್-134ಎ ಆಗಿದ್ದರೆ, ಅದರ ಒಂದು ಕಿಲೋ ನೂರು ವರ್ಷಗಳಲ್ಲಿ 1430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಅಷ್ಟು ಸೋರಿದರೆ ಸುಮಾರು ಎರಡು ವರ್ಷದ ಉಳಿತಾಯ ಹೋದಂತೆ. ಹಾಗಾಗಿ ದಕ್ಷತೆಯನ್ನೂ ಶೀತಕವನ್ನೂ ಬೇರೆ ಬೇರೆ ಅಳೆಯಬಾರದು ಎಂಬುದೇ ನನ್ನ ವಾದ.

ಇದಕ್ಕೆ ಜಪಾನ್ ಒಳ್ಳೆಯ ಪಾಠ. 2001ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದ ‘ಎಕೋಕ್ಯೂಟ್’ ವಾಟರ್ ಹೀಟರುಗಳಲ್ಲಿ ಇಂಗಾಲದ ಡೈಆಕ್ಸೈಡೇ ಶೀತಕ. 31 ಡಿಗ್ರಿಯ ಮೇಲೆ ಅದು ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಇದು ದೋಷವೆನಿಸಿದರೂ ಇಲ್ಲಿ ವರವಾಯಿತು: ಅತಿ ಒತ್ತಡದ ಬಿಸಿ ಅನಿಲ ಹಂತಹಂತವಾಗಿ ತಣಿಯುತ್ತದೆ, ಎದುರಿನಿಂದ ಹರಿದು ಬರುವ ತಣ್ಣೀರು ಹಂತಹಂತವಾಗಿ ಕಾಯುತ್ತದೆ, ಎರಡರ ಉಷ್ಣತೆಯೂ ಜೊತೆಜೊತೆಯಾಗಿ ಸಾಗುವುದರಿಂದ ಶಾಖ ಪೋಲಾಗದು. ಆದರೆ ಒಳಬರುವ ನೀರು ತಣ್ಣಗಿದ್ದರೆ ಮಾತ್ರ ಈ ಲಾಭ. ಟ್ಯಾಂಕಿನಲ್ಲಿ ಬಿಸಿನೀರು ತಣ್ಣೀರು ಬೆರೆತು ಉಗುರುಬೆಚ್ಚಗಿನ ನೀರು ಯಂತ್ರಕ್ಕೆ ಮರಳಿದರೆ ದಕ್ಷತೆ ಕುಸಿಯುತ್ತದೆ. ಶೀತಕ ಒಳ್ಳೆಯದಾದರಷ್ಟೇ ಸಾಲದು, ಟ್ಯಾಂಕೂ ಪೈಪೂ ಅದಕ್ಕೆ ಒಗ್ಗಬೇಕು.

ಪ್ರೊಪೇನ್ ಇನ್ನೊಂದು ದಾರಿ. ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ತೀರಾ ಕಡಿಮೆ. ಅದು ಹೊತ್ತಿಕೊಳ್ಳುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ ಪ್ರೊಪೇನ್-ಬ್ಯೂಟೇನ್. ಮನೆಯ ಹೀಟ್ ಪಂಪಿಗೆ ಬೇಕಿರುವುದು ಕೆಲವು ನೂರು ಗ್ರಾಂ. ಯಂತ್ರವನ್ನು ಗಾಳಿಯಾಡುವ ಕಡೆ ಇಟ್ಟು, ತರಬೇತಿ ಪಡೆದ ಮೆಕ್ಯಾನಿಕ್ ಕೈಗೆ ಒಪ್ಪಿಸಿದರೆ ಈ ಅಪಾಯ ಹತೋಟಿಯಲ್ಲಿರುತ್ತದೆ. ಕರೆಂಟ್ ಉಳಿದರೆ ಸಾಕು, ಶೀತಕದ ಚಿಂತೆ ಏಕೆ ಎನ್ನುವವರೂ ಇದ್ದಾರೆ. ಆದರೆ ಗ್ರಿಡ್‌ಗೆ ಸೌರ, ಪವನ ವಿದ್ಯುತ್ ಹೆಚ್ಚು ಸೇರಿದಷ್ಟೂ ಉಳಿಸಿದ ಯೂನಿಟ್ಟಿನ ಇಂಗಾಲದ ಬೆಲೆ ಇಳಿಯುತ್ತದೆ. ಸೋರಿಕೆಯ ಹಾನಿ ಮಾತ್ರ ಹಾಗೆಯೇ ಉಳಿಯುತ್ತದೆ. ಮೇಲಾಗಿ 2016ರ ಕಿಗಾಲಿ ತಿದ್ದುಪಡಿಯಂತೆ ಭಾರತ 2028ರಲ್ಲಿ ಆರ್-134ಎಯಂಥ ಎಚ್‌ಎಫ್‌ಸಿ ಶೀತಕಗಳ ಬಳಕೆಗೆ ಮಿತಿ ಹಾಕಿ, 2032ರಿಂದ ಇಳಿಸತೊಡಗಬೇಕು. ಇಂದು ಕೂರಿಸಿದ ಯಂತ್ರ ಅಷ್ಟರಲ್ಲಿ ಮುದಿಯಾಗಿರುವುದಿಲ್ಲ.

ಇಂದು ಪದವಿ ಸ್ವೀಕರಿಸಿದ ಯುವ ಎಂಜಿನಿಯರುಗಳೇ, ನೀವು ರೂಪಿಸುವ ಪ್ರತಿ ಯಂತ್ರಕ್ಕೂ ಎರಡು ಲೆಕ್ಕ ಬರೆಯಿರಿ: ಅದು ಎಷ್ಟು ಕರೆಂಟ್ ಉಳಿಸುತ್ತದೆ, ಅದರ ಹೊಟ್ಟೆಯಲ್ಲಿರುವುದು ಸೋರಿದರೆ ಎಷ್ಟು ಕಳೆಯುತ್ತದೆ. ಎರಡನ್ನೂ ಕೂಡಿಸಿ ನೋಡಿದ ಮೇಲೆಯೇ ಸಹಿ ಹಾಕಿ.