ಬಲಗಾಲಿನ ಪಾಲು

ಮೂವತ್ತು ವರ್ಷಗಳಿಗೂ ಮಿಕ್ಕಿ ಛಂದಸ್ಸಿನ ಪಾಠ ಹೇಳಿದವನು ನಾನು. ಪದ್ಯದ ಸಾಲನ್ನು ಪಾದವೆನ್ನುತ್ತೇವೆ, ಚರಣವೆನ್ನುತ್ತೇವೆ, ಅಡಿಯೆಂದೂ ಕರೆಯುತ್ತೇವೆ. ಅದರ ಮಾತ್ರೆಗಳನ್ನೆಣಿಸುವುದರಲ್ಲಿ ತೋರಿದ ಆಸ್ಥೆಯ ಹತ್ತರಲ್ಲೊಂದು ಪಾಲನ್ನೂ ನನ್ನ ಸ್ವಂತ ಪಾದದ ಮೇಲೆ ತೋರಿರಲಿಲ್ಲವೆಂಬುದು ಅರಿವಾದದ್ದು ಈಚೆಗೆ, ಶಸ್ತ್ರಚಿಕಿತ್ಸೆಯಾದ ಮೇಲೆ.

ನನ್ನ ಬಲಗಾಲಿನ ಹೆಬ್ಬೆರಳು ವರ್ಷಗಳಿಂದ ಪಕ್ಕದ ಬೆರಳಿನತ್ತ ವಾಲುತ್ತ ಬಂದು, ಅದರ ಬುಡದಲ್ಲಿ ಗಂಟೊಂದು ಉಬ್ಬಿಕೊಂಡಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಬನಿಯನ್ ಎಂದು ಹೆಸರು. ಬನಿಯನ್ ತೆಗೆಸಲು ಆಸ್ಪತ್ರೆಗೇಕೆ ಹೋಗಬೇಕೆಂದು ಮಿತ್ರರೊಬ್ಬರು ಕೇಳಿದ್ದುಂಟು! ಗಂಟನ್ನು ಹೆರೆದುಬಿಟ್ಟರೆ ಸಾಲದು. ಹೆಬ್ಬೆರಳಿನ ಹಿಂದಿನ ಮೂಳೆಯನ್ನು ಕತ್ತರಿಸಿ, ಸರಿಸಿ, ಸಣ್ಣ ತಿರುಪುಮೊಳೆಗಳಿಂದ ಬಿಗಿದರು. ಆರು ವಾರ ಹಿಮ್ಮಡಿಯ ಮೇಲೆ ಭಾರ ಹಾಕಿಸುವ ವಿಚಿತ್ರ ಪಾದರಕ್ಷೆ ತೊಟ್ಟು ನಡೆದೆ. ಎರಡು ತಿಂಗಳಾದ ಮೇಲೆ ಎಕ್ಸ್‌ರೇ ನೋಡಿ, ಮೂಳೆ ಕೂಡಿದೆಯೆಂದು ವೈದ್ಯರು ಸಂತೋಷಪಟ್ಟರು.

ಆದರೆ ನೋವು ಹೋಗಲಿಲ್ಲ. ನಾಲ್ಕು ತಿಂಗಳು ಕಳೆದರೂ ಸಂಜೆಯಾಗುತ್ತಲೇ ಪಾದ ಊದುತ್ತಿತ್ತು. ಹೆಬ್ಬೆರಳಿನ ಒಂದು ಮಗ್ಗುಲು ಮರಗಟ್ಟಿತ್ತು. ರಾತ್ರಿ ಅದೇ ಮಗ್ಗುಲಲ್ಲಿ ಸೂಜಿ ಚುಚ್ಚಿದಂತೆ. ಮೊದಲು ಕುಂಟುತ್ತಲಾದರೂ ಮಾರುಕಟ್ಟೆಗೆ ಹೋಗಿಬರುತ್ತಿದ್ದೆನಲ್ಲ, ಇದ್ದ ಕಾಲನ್ನು ಕೈಯಾರೆ ಕೆಡಿಸಿಕೊಂಡೆನೇ ಎಂಬ ಚಿಂತೆ ನೋವಿಗಿಂತ ಹೆಚ್ಚಾಯಿತು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಕ್ಷಿಪ್ರವೆಂಬ ಮರ್ಮಸ್ಥಾನವನ್ನು ಹೇಳಿದೆ. ಅಲ್ಲಿ ಪೆಟ್ಟಾದರೆ ಪ್ರಾಣಾಪಾಯವೆಂದೂ ಇದೆ. ಇಂಥವನ್ನು ನಡುರಾತ್ರಿ ನಿದ್ದೆಗೆಟ್ಟು ಓದಬಾರದು.

ಮತ್ತೆ ವೈದ್ಯರ ಬಳಿ ಹೋದೆ. ಅವರು ಬೇಸರಿಸದೆ ವಿವರಿಸಿದರು. ಒಂದು ಪಾದದಲ್ಲಿ 26 ಮೂಳೆಗಳು. ಎರಡೂ ಪಾದ ಸೇರಿದರೆ ಮೈಯ 206 ಮೂಳೆಗಳಲ್ಲಿ ಕಾಲುಭಾಗ. ಪಾದವು ಹೃದಯಕ್ಕಿಂತ ಬಹು ಕೆಳಗಿರುವುದರಿಂದ ಅಲ್ಲಿನ ಊತ ಇಳಿಯುವುದು ನಿಧಾನ. ಆರು ತಿಂಗಳಾಗಬಹುದು, ವರ್ಷವೂ ಹಿಡಿಯಬಹುದು. ಪೆಟ್ಟಾದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ; ಆ ಸೂಜಿಚುಚ್ಚು ಅನೇಕ ವೇಳೆ ಅದರ ಚೇತರಿಕೆಯ ಸೂಚನೆಯಂತೆ. ನಡೆದಾಗ ಹೆಚ್ಚಿ ಮರುದಿನ ಬೆಳಗಿನೊಳಗೆ ತಗ್ಗುವ ನೋವನ್ನು ಸಹಿಸಬಹುದು. ದಿನೇ ದಿನೇ ಏರುವ ನೋವು, ಕೆಂಪಾಗಿ ಬಿಸಿಯೇರಿದ ಗಾಯ, ಕೀವು, ಜ್ವರ ಕಂಡರೆ ತಡಮಾಡಕೂಡದು. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಇವಂತೂ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಆಗ ಗಳಿಗೆಯೂ ಕಾಯುವಂತಿಲ್ಲ.

ನನ್ನಲ್ಲಿ ಇವಾವುವೂ ಇರಲಿಲ್ಲ. ಆದರೂ ನಡಿಗೆ ನೆಟ್ಟಗಾಗಲಿಲ್ಲ. ಹೆಬ್ಬೆರಳನ್ನು ಉಳಿಸಲು ಪಾದದ ಹೊರ ಅಂಚಿನ ಮೇಲೆ ನಡೆದು ನಡೆದು ಮೊಣಕಾಲೂ ಸೊಂಟವೂ ದೂರು ಹೇಳತೊಡಗಿದವು. ಒಂದು ಸಂಜೆ ನನ್ನಾಕೆ, “ಏನ್ರೀ, ನಿಮಗೆ ಆಗ್ತಿರೋದು ನೋವೋ, ನೋವಾದೀತು ಅನ್ನೋ ಭಯವೋ?” ಎಂದು ಕೇಳಿದಳು. ಸಿಡುಕಿದೆ. ಉತ್ತರ ತಿಳಿದಿರಲಿಲ್ಲ.

ತಿಳಿದದ್ದು ಫಿಸಿಯೋಥೆರಪಿಯ ತರುಣಿಯಿಂದ. ಆಕೆ ಎರಡು ತೂಕದ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, “ಮೇಷ್ಟ್ರೇ, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನೇರ ನಿಂತ್ಕೊಳ್ಳಿ” ಎಂದಳು. ಸರಿಸಮನಾಗಿ ನಿಂತೆನೆಂದೇ ನನ್ನ ಭಾವನೆ. ಎಡಗಾಲಿನ ಕೆಳಗೆ 47 ಕಿಲೋ, ಬಲಗಾಲಿನ ಕೆಳಗೆ 21! ಭಾರವನ್ನು ಬಲಕ್ಕೆ ಸರಿಸಿದೆ. 25ಕ್ಕೆ ಬರುವಾಗ ಮೈ ಬೆವರಿತು. ವಿಚಿತ್ರವೆಂದರೆ ನೋವು ಆಗ ಹೆಚ್ಚಿರಲೇ ಇಲ್ಲ. ಹೆಂಡತಿಯ ಪ್ರಶ್ನೆ ನೆನಪಾಗಿ ನಾಚಿಕೆಯಾಯಿತು. ಹಾಗೆಂದು ನೋವು ಸುಳ್ಳೆಂದಲ್ಲ. ಅದು ಇದ್ದೇ ಇತ್ತು, ಈಗಲೂ ಇದೆ. ಆದರೆ ನಾನು ಅದಕ್ಕೆ ತೆರುತ್ತಿದ್ದ ಸುಂಕ ಅದು ಕೇಳಿದ್ದಕ್ಕಿಂತ ಹೆಚ್ಚಾಗಿತ್ತು.

ಅಂದಿನಿಂದ ದಿನಕ್ಕೆರಡು ಬಾರಿ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಬಾಗಿಸುತ್ತೇನೆ, ಯಂತ್ರಗಳ ಮೇಲೆ ನಿಲ್ಲುತ್ತೇನೆ. ಕುಕ್ಕರುಗಾಲಿನಲ್ಲಿ ಕೂರಲು ಇನ್ನೂ ಆಗದು. ಸಂಜೆ ಕಾಲನ್ನು ದಿಂಬಿನ ಮೇಲಿಡದಿದ್ದರೆ ಊತ ಬಿಡದು. ನಿನ್ನೆ ಬೆಳಗ್ಗೆ ಬಲಗಾಲಿನ ಕೆಳಗೆ 30 ಬಂತು. ಈ ಅಂಕಿಗಳನ್ನು ನನ್ನಾಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತಿದ್ದಾಳೆ.