ರಿಯಾಯಿತಿ ಅಂಗಡಿಯ ಚೀಟಿ



ನಲವತ್ತು ವರ್ಷದ ಹತ್ತಿರ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತು ಬೇರೆಯವರ ಹಣ ಎಣಿಸಿದವನು ನಾನು. ಸ್ವಂತ ಹಣ ಎಣಿಸಿ ಮನೆ ಸಾಮಾನು ತರುವ ಕೆಲಸ ಅಷ್ಟು ವರ್ಷವೂ ಹೆಂಡತಿಯದಾಗಿತ್ತು. 2020ರಲ್ಲಿ ನಿವೃತ್ತನಾದ ಮೇಲೆ ಅವಳು ಒಂದು ಬಟ್ಟೆಯ ಚೀಲ ಕೈಗೆ ಕೊಟ್ಟು, "ಇನ್ನು ನಿಮ್ಮ ಸರದಿ" ಎಂದಳು. ಅದೇ ವರ್ಷ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನಿಮಗೆಲ್ಲ ನೆನಪಿರಬಹುದು. ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ನಮಗೆ ಜವಳಿಗೂ ಆಸ್ಪತ್ರೆಗೂ ಮಂಗಳೂರು, ಸಾಮಾನಿಗೆ ಬೇಕಾದರೆ ವಿಟ್ಲ, ಪುತ್ತೂರು. ಆ ದಾರಿಗಳು ಮುಚ್ಚಿದ ಮೇಲೆ ನಮ್ಮದೇ ಪೇಟೆಯ ಅಂಗಡಿಗಳಲ್ಲಿ ಏನು ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ನಾನು ಮೊದಲ ಬಾರಿ ಕಣ್ಣುಬಿಟ್ಟು ನೋಡಿದೆ. ಆ ಅನುಭವದಲ್ಲಿ ಒಂದೆರಡನ್ನು ಈ ಹೊತ್ತು ಹೇಳುತ್ತೇನೆ.

ನಮ್ಮ ಪೇಟೆಯಲ್ಲಿ ಕಡಿಮೆ ಬೆಲೆಯ ಅಂಗಡಿ ಎಂದು ಹೆಸರು ಹೇಳಬಹುದಾದವು ಎರಡು. ಒಂದು ಸರಕಾರದ ಮಾವೇಲಿ ಸ್ಟೋರು. ಇನ್ನೊಂದು ಇತ್ತೀಚೆಗೆ ಬಂದ ಖಾಸಗಿ ಅಂಗಡಿ. ಅದರ ಹೆಸರು ಬೇಡ. ಗಾಜಿನ ಬಾಗಿಲು, ಒಳಗೆ ತಂಪು, ನಾವೇ ಬುಟ್ಟಿ ಹಿಡಿದು ಬೇಕಾದ್ದು ತೆಗೆದುಕೊಳ್ಳುವ ಏರ್ಪಾಡು, ಎಲ್ಲ ಕಡೆ ಕೆಂಪು ಹಳದಿ ಚೀಟಿಗಳಲ್ಲಿ ರಿಯಾಯಿತಿ.

ಮಾವೇಲಿ ಎಂದರೆ ನಮ್ಮ ಬಲಿಯೇಂದ್ರನೇ. ಮಲಯಾಳದವರು ಅವನನ್ನು ಓಣಂ ದಿನ ಕರೆಯುತ್ತಾರೆ, ನಾವು ದೀಪಾವಳಿಗೆ ಕರೆಯುತ್ತೇವೆ. ಅವನ ರಾಜ್ಯದಲ್ಲಿ ಕಳ್ಳ ಅಳತೆ ಇರಲಿಲ್ಲ ಎಂಬ ನಂಬಿಕೆಯಿಂದಲೇ ಅಂಗಡಿಗೆ ಆ ಹೆಸರು. ಕೇರಳ ಸರಕಾರ 1974ರಲ್ಲಿ ನಾಗರಿಕ ಪೂರೈಕೆ ನಿಗಮವನ್ನು, ಅಂದರೆ ಸಪ್ಲೈಕೋವನ್ನು, ಸ್ಥಾಪಿಸಿತು. ಇ. ಚಂದ್ರಶೇಖರನ್ ನಾಯರ್ ಅವರು ಆಹಾರ ಸಚಿವರಾಗಿದ್ದ ಕಾಲದಲ್ಲಿ ಮಾವೇಲಿ ಅಂಗಡಿಗಳು ಬಂದವು. ರೇಷನ್ ಕಾರ್ಡು ತೋರಿಸಿದರೆ 13 ಬಗೆಯ ಸಾಮಾನು ಸಬ್ಸಿಡಿ ದರದಲ್ಲಿ ಸಿಗುವ ಕ್ರಮ ಅಲ್ಲಿಯದು. 2024ರ ಫೆಬ್ರವರಿಯಲ್ಲಿ ಆ ದರಗಳನ್ನು ಏರಿಸಿ, ಪೇಟೆ ಧಾರಣೆಗಿಂತ ಶೇಕಡಾ 35 ಕಡಿಮೆ ಎಂಬ ಲೆಕ್ಕ ತಂದರು. ಪೇಟೆ ಧಾರಣೆಗಿಂತ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅಲ್ಲಿ ದರದ ಹಲಗೆ ಮಲಯಾಳದಲ್ಲಿ. ಇದು ದೂರಲ್ಲ, ರಾಜ್ಯದ ಭಾಷೆ ಅದು. ನನಗೆ ಓದಲು ಬರುತ್ತದೆ, ಬ್ಯಾಂಕಿನಲ್ಲಿದ್ದಾಗ ಕಲಿತೆ. ಆದರೆ ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕೈದು ಕ್ಲಾಸು ಕಲಿತು, ಮನೆಯಲ್ಲಿ ತುಳುವೋ ಕನ್ನಡವೋ ಆಡಿಕೊಂಡು, ಪೇಟೆಯಲ್ಲಿ ಮಲಯಾಳ ಮಾತಾಡಿ ಸುಧಾರಿಸುವ ಹಿರಿಯರು ಎಷ್ಟು ಮಂದಿ ಇದ್ದಾರೆ ಎಂದು ನಿಮಗೆ ಗೊತ್ತು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಲಗೆಯಲ್ಲಿ ಪಂಚಸಾರ ಎಂದಿದ್ದರೆ ಅದು ಸಕ್ಕರೆ. ಮಲ್ಲಿ ಎಂದರೆ ಮಲ್ಲಿಗೆ ಅಲ್ಲ, ಕೊತ್ತಂಬರಿ. ಚೆರುಪಯರ್ ಹೆಸರು, ಉಳುನ್ನು ಉದ್ದು, ಪಚ್ಚರಿ ಬೆಳ್ತಿಗೆ ಅಕ್ಕಿ. ಯಾವ ಅಂಗಡಿಗೆ ಹೋದರೂ ಅನುವಾದ ಬೇಡದ ಮಾತು ಒಂದೇ, "ಇಲ್ಲ". ಅದು ಎರಡು ಭಾಷೆಯಲ್ಲೂ ಇಲ್ಲವೇ!

ಇನ್ನು ಆ ಗಾಜಿನ ಬಾಗಿಲಿನ ಅಂಗಡಿಯ ವಿಷಯ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿತ್ತಲ್ಲ, ಆ ಓಣಂ ಸಮಯ. ಒಂದು ಸಂಜೆ ನೆರೆಮನೆಯ ಅಕ್ಕ ಜಗಲಿಗೆ ಬಂದರು. ವಯಸ್ಸು ಎಪ್ಪತ್ತರ ಮೇಲೆ. ಕೈಯಲ್ಲಿ ಗೇಣುದ್ದದ ಬಿಲ್ಲು.

"ಬ್ಯಾಂಕಿನವರೇ, ಈ ಚೀಟಿ ಒಮ್ಮೆ ನೋಡಿ ಹೇಳಿ. ಮುನ್ನೂರ ಹದಿನಾರು ರೂಪಾಯಿ ಉಳಿದಿದೆ ಅಂತ ಆ ಹುಡುಗಿ ಹೇಳಿದಳು. ಉಳಿದದ್ದು ಎಲ್ಲಿ? ತೆಗೆದುಕೊಂಡು ಹೋದ ಹಣವೆಲ್ಲ ಮುಗಿದಿದೆ" ಎಂದರು.

ನನಗೆ ನಗು ಬಂತು. ಆದರೆ ಕನ್ನಡಕ ಹಾಕಿ ನೋಡಿದ ಮೇಲೆ ನಗು ನಿಂತಿತು. ಬಿಲ್ಲಿನ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ, ನೀವು ಉಳಿಸಿದ್ದು 316 ರೂಪಾಯಿ ಎಂದು ದಪ್ಪ ಅಕ್ಷರದಲ್ಲಿತ್ತು. ಯಾವುದರಿಂದ ಕಳೆದು ಈ ಸಂಖ್ಯೆ ಬಂತು ಎಂದು ಬ್ಯಾಂಕಿನ ಹಳೆ ಚಟದಂತೆ ಪೆನ್ನು ಹಿಡಿದು ಒಂದೊಂದೇ ಸಾಲು ನೋಡಿದೆ.

ತೊಗರಿಬೇಳೆಯ ಪೊಟ್ಟಣ. ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ, ನಾವು ಎಂ.ಆರ್.ಪಿ. ಎನ್ನುವುದು, 199 ರೂಪಾಯಿ. ಅಂಗಡಿಯವರು ಹಾಕಿದ್ದು 139. ಉಳಿತಾಯ 60 ಎಂದು ಲೆಕ್ಕ. ಪೊಟ್ಟಣ ಕಿಲೋದಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ತಿರುಗಿಸಿ ನೋಡಿದರೆ 850 ಗ್ರಾಂ. ಹಾಗಾದರೆ ಕಿಲೋಗೆ 163 ರೂಪಾಯಿ 50 ಪೈಸೆಯಾಯಿತು. ಎದುರಿನ ಹಳೆ ಜೀನಸು ಅಂಗಡಿಯಲ್ಲಿ ಆ ವಾರ ಬಿಡಿ ಬೇಳೆ ಕಿಲೋಗೆ 160. ಅಕ್ಕನಿಗೆ ಕಿಲೋ ಲೆಕ್ಕದಲ್ಲಿ ಮೂರೂವರೆ ರೂಪಾಯಿ ಹೆಚ್ಚಿಗೆ ಹೋಗಿತ್ತು. ಬಿಲ್ಲು ಮಾತ್ರ 60 ಉಳಿಯಿತು ಎನ್ನುತ್ತಿತ್ತು.

ಬಿಲ್ಲಿನಲ್ಲಿ ಸುಳ್ಳು ಇಲ್ಲ ನೋಡಿ. ಎಂ.ಆರ್.ಪಿ. ಎಂಬುದು ಇದಕ್ಕಿಂತ ಮೇಲೆ ಮಾರಬಾರದು ಎಂಬ ಮಿತಿ. ಅದೇ ಬೆಲೆಗೆ ಮಾರಬೇಕೆಂದು ಎಲ್ಲೂ ಇಲ್ಲ. ತಯಾರಿಸುವವನು ಆ ಮಿತಿಯನ್ನು ಎತ್ತರದಲ್ಲಿಟ್ಟರೆ, ಅಂಗಡಿಯವನಿಗೆ ಅದರಿಂದ ಇಳಿಸಿ ತೋರಿಸಲು ಬೇಕಷ್ಟು ಜಾಗ. ಸರಕಾರದ ಅಂಗಡಿಯ ರಿಯಾಯಿತಿಯನ್ನು ಪೇಟೆ ಧಾರಣೆಯಿಂದ ಇಳಿಸಿ ಲೆಕ್ಕ ಹಾಕುತ್ತಾರೆ. ಇಲ್ಲಿಯ ರಿಯಾಯಿತಿಯನ್ನು ಯಾರೂ ಕೊಡದ ಬೆಲೆಯಿಂದ ಇಳಿಸಿ ಲೆಕ್ಕ ಹಾಕುತ್ತಾರೆ. ಎರಡಕ್ಕೂ ರಿಯಾಯಿತಿ ಎಂದೇ ಹೆಸರು.

850 ಗ್ರಾಂ ಎಂಬ ವಿಚಿತ್ರ ತೂಕ ಎಲ್ಲಿಂದ ಬಂತು ಎಂದು ಕೇಳಬಹುದು. ಹಿಂದೆ ಅನೇಕ ಸಾಮಾನುಗಳ ಪೊಟ್ಟಣ ಇಷ್ಟಿಷ್ಟೇ ತೂಕದ್ದಿರಬೇಕು ಎಂದು ಕಾನೂನು ಮಾಪನದ ನಿಯಮವೇ ಇತ್ತು. 2021ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಬದಲಿಗೆ ಒಂದು ಗ್ರಾಮಿಗೋ ಕಿಲೋಗೋ ಎಷ್ಟು ಬಿತ್ತು ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದಾಯಿತು. ಆ ಬೇಳೆಯ ಪೊಟ್ಟಣದಲ್ಲೂ ಗ್ರಾಮಿಗೆ 23 ಪೈಸೆ ಎಂದು ಇರುವೆಯ ಗಾತ್ರದಲ್ಲಿ ಇತ್ತು. ಅದೂ ಎಂ.ಆರ್.ಪಿ. ಲೆಕ್ಕದ್ದು. ನೆಲಕ್ಕೆ ಸೇರನ್ನು ಇಟ್ಟು, ಕೈಯಿಂದ ಗೋಪುರ ಸವರಿ ಅಕ್ಕಿ ಅಳೆಯುವುದನ್ನು ನೋಡಿದ ಅಕ್ಕನಂಥವರು ಗ್ರಾಮಿನ ಪೈಸೆಯನ್ನು ಹೇಗೆ ಹುಡುಕಬೇಕು, ಹೇಳಿ.

ಎಣ್ಣೆಯದು ಬೇಳೆಗಿಂತ ದೊಡ್ಡ ಪೆಟ್ಟು. ಲೀಟರಿಗೆ 289 ರೂಪಾಯಿ, ಮುದ್ರಿತ ಬೆಲೆ 380. ಪೊಟ್ಟಣದ ಮೇಲೆ ಒಡೆದ ತೆಂಗಿನಕಾಯಿಯ ಚಿತ್ರ. ಇಷ್ಟು ಕಡಿಮೆಗೆ ತೆಂಗಿನೆಣ್ಣೆ ಸಿಕ್ಕಿತಲ್ಲ ಎಂದು ಅಕ್ಕ ಸಂತೋಷದಿಂದ ಎರಡು ಮೈಲು ಹೊತ್ತು ತಂದಿದ್ದರು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ, ಇದು ಮಿಶ್ರ ಸಸ್ಯಜನ್ಯ ಎಣ್ಣೆ ಎಂದು ಬರೆದಿತ್ತು. ನಾನು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಮೊಮ್ಮಗಳು ಬರುವುದಿತ್ತು, ತಲೆಗೆ ಕಾಸಿ ಹಚ್ಚಲೆಂದು ತಂದ ಎಣ್ಣೆ ಅದು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಹೋದೆವು. ಕ್ಯಾಶಿನಲ್ಲಿದ್ದ ಹುಡುಗ, ಬಿಲ್ಲಾದ ಮೇಲೆ ಹಿಂದೆ ತೆಗೆದುಕೊಳ್ಳುವ ಕ್ರಮ ಇಲ್ಲ ಎಂದ. ನಾನು ಗ್ರಾಹಕ ಸಂರಕ್ಷಣಾ ಕಾಯಿದೆಯ ಹೆಸರು ತೆಗೆದೆ. 1986ರ ಕಾಯಿದೆಯ ಬದಲಿಗೆ 2019ರದ್ದು ಬಂದಿದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದೆ ತೆಗೆದುಕೊಳ್ಳಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅನುಚಿತವೇ. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೂ ದೂರು ಹೇಳಬಹುದು. ಇಷ್ಟನ್ನೂ ಮಲಯಾಳದಲ್ಲಿ ಗಟ್ಟಿಯಾಗಿ ಹೇಳಿದೆ. ನಿಜ ಹೇಳಬೇಕಾದರೆ ನನ್ನ ಕಾಯಿದೆ ಅಲ್ಲಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಆ ಎಣ್ಣೆಯಲ್ಲಿ ದೋಷ ಇರಲಿಲ್ಲ. ಹೆಸರು ಸಣ್ಣದಾಗಿತ್ತು, ಚಿತ್ರ ದೊಡ್ಡದಾಗಿತ್ತು, ಅಷ್ಟೇ. ಆದರೂ ಜನ ಸೇರುವುದನ್ನು ಕಂಡು ಒಳಗಿನಿಂದ ಮೇಲ್ವಿಚಾರಕರು ಬಂದರು. ಬೇಳೆ ಒಡೆದಿದ್ದರಿಂದ ಅದು ಹೋಯಿತು. ಎಣ್ಣೆಯನ್ನು ಹಿಂದೆ ಪಡೆದರು. ಹಣ ಕೊಡಲಿಲ್ಲ, ಅಷ್ಟೇ ಬೆಲೆಯ ಬೇರೆ ಸಾಮಾನು ತೆಗೆದುಕೊಳ್ಳಿ ಎಂದರು. ಅಕ್ಕ ಸಾಬೂನು, ಸಕ್ಕರೆ, ಚಾಹುಡಿ ತೆಗೆದುಕೊಂಡರು, ಒಂದೊಂದನ್ನೂ ನನಗೆ ತೋರಿಸಿ ಓದಿಸಿಕೊಂಡು.

ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ದೊಡ್ಡ ಕೇಸು ಗೆದ್ದವನ ಹಾಗೆ ಕುಳಿತಿದ್ದೆ. "ಓದಲು ಬಾರದವರನ್ನು ಹೇಗೆ ಸತಾಯಿಸುತ್ತಾರೆ ನೋಡಿ ಅಕ್ಕಾ" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತಲೇ, "ಅವ ಸಣ್ಣ ಹುಡುಗ. ನೀವೂ ನನ್ನನ್ನು ಮೂರು ಸಲ ಹಿಂದೆ ಕಳಿಸಿದ್ದಿರಲ್ಲ" ಎಂದರು.

ನನಗೆ ತಿಳಿಯಲಿಲ್ಲ. 1991ರಲ್ಲಿ, ಅವರ ಯಜಮಾನರು ತೀರಿಹೋದ ವರ್ಷ, ಖಾತೆಯಲ್ಲಿದ್ದ ಸ್ವಲ್ಪ ಹಣ ತೆಗೆಯಲು ಬ್ಯಾಂಕಿಗೆ ಬಂದಿದ್ದರಂತೆ. ಅರ್ಜಿಯನ್ನು ಕನ್ನಡದಲ್ಲಿ ಸ್ವಂತ ಕೈಯಲ್ಲಿ ಬರೆದಿದ್ದರಂತೆ. ಕೌಂಟರಿನಲ್ಲಿದ್ದ ನಾನು ಅದನ್ನು ಓದದೆ ಹಿಂದೆ ತಳ್ಳಿ, "ಇದು ನಡೆಯುವುದಿಲ್ಲ, ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ" ಎಂದೆನಂತೆ. ಹೊರಗೆ ಕುಳಿತು ಅರ್ಜಿ ಬರೆಯುವವನಿಗೆ ಹತ್ತು ರೂಪಾಯಿ ಕೊಟ್ಟು ಬರೆಸಿ ತಂದರೆ, ಫಾರಮು ಬೇರೆ ಎಂದೆನಂತೆ. ಮೂರನೆಯ ಸಲ ಊಟದ ಹೊತ್ತಾಯಿತು ಎಂದೆನಂತೆ.

ಕೇಳುಗರೇ, ನನಗೆ ಇದು ನೆನಪಿಲ್ಲ. ದಿನಕ್ಕೆ ನೂರು ಮಂದಿ ಬರುವ ಕೌಂಟರು. ಆದರೆ ಸುಳ್ಳು ಎನ್ನುವ ಧೈರ್ಯವೂ ಬರಲಿಲ್ಲ. ಆ ಮಾತು, ಆ ದನಿ ನನ್ನದೇ. ನಾನು ಕಲಿತದ್ದೂ ಕನ್ನಡ ಶಾಲೆಯಲ್ಲಿ. ಅವರ ಅರ್ಜಿಯನ್ನು ಕುಳಿತಲ್ಲೇ ಓದಿ, ಫಾರಮು ನಾನೇ ತುಂಬಿಸಿ ಕೊಡಲು ಹತ್ತು ನಿಮಿಷ ಸಾಕಾಗಿತ್ತು. 1969ರ ಕೇರಳ ರಾಜ್ಯಭಾಷಾ ಕಾಯಿದೆಯ ಪ್ರಕಾರ ಇಲ್ಲಿಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ ಎಂದು ಸಭೆಗಳಲ್ಲಿ ಭಾಷಣ ಕೇಳಿ ಚಪ್ಪಾಳೆ ತಟ್ಟಿದವನು ನಾನು. ಬ್ಯಾಂಕು ಆ ಕಾಯಿದೆಗೆ ಸೇರಿಲ್ಲದಿರಬಹುದು. ಕೌಂಟರಿನ ಒಳಗಿದ್ದವನು ಕನ್ನಡದವನೇ ಆಗಿದ್ದನಲ್ಲ.

"ಆಗಲೇ ಹೇಳಬಾರದಿತ್ತೇ ಅಕ್ಕಾ?" ಎಂದು ಕೇಳಿದೆ.

"ಹೇಳಿದರೆ ನಾಲ್ಕನೆಯ ಸಲವೂ ಬರಬೇಕಾಗುತ್ತಿತ್ತು" ಎಂದರು. ಸಿಟ್ಟಿನಿಂದ ಅಲ್ಲ, ಬಸ್ಸಿನ ಟಿಕೇಟಿನ ಲೆಕ್ಕ ಹೇಳುವ ಹಾಗೆ.

ಆ ವಾರ ನಾನು ಒಂದು ದೊಡ್ಡ ಬಿಳಿ ಕಾಗದ ತೆಗೆದುಕೊಂಡು, ಮಾವೇಲಿ ಸ್ಟೋರಿನ 13 ಸಾಮಾನುಗಳ ಹೆಸರನ್ನು ಎಡಗಡೆ ಮಲಯಾಳದಲ್ಲಿ, ಬಲಗಡೆ ಕನ್ನಡದಲ್ಲಿ ದಪ್ಪಕ್ಕೆ ಬರೆದೆ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಪಯ್ಯನ್ನೂರು ಕಡೆಯವಳು, ಕನ್ನಡ ಬಾರದು. ಕಾಗದ ನೋಡಿ, "ನನಗೂ ಉಪಕಾರವಾಯಿತು ಚೇಟಾ, ಅಜ್ಜಿಯಂದಿರು ಕೇಳುವುದು ಏನೆಂದೇ ನನಗೆ ತಿಳಿಯುತ್ತಿರಲಿಲ್ಲ" ಎಂದು ದರದ ಹಲಗೆಯ ಕೆಳಗೆ ಜಾಗ ತೋರಿಸಿದಳು.

ಅಂಟಿಸುವ ಮೊದಲು ಸಾಲಿನಲ್ಲಿ ನಿಂತಿದ್ದ ಅಕ್ಕನಿಗೆ ತೋರಿಸಿದೆ. ಅವರು ಬೆರಳಿಟ್ಟು ಒಂದೊಂದೇ ಓದುತ್ತಾ ಬಂದು ಒಂದು ಕಡೆ ನಿಂತರು. ಆ ಹೆಸರನ್ನು ಮಲಯಾಳದಲ್ಲಿ ಏನೆಂದು ಬರೆದಿದೆ ಎಂದು ನನ್ನನ್ನು ಕೇಳಿದರು. ವನ್ಪಯರ್ ಎಂದೆ. ಅದರ ಎದುರು ನಾನು ಹುರುಳಿ ಎಂದು ಬರೆದಿದ್ದೆ.

"ಇದು ಹುರುಳಿ ಅಲ್ಲ, ಅಲಸಂಡೆ. ಹುರುಳಿಗೆ ಅವರು ಮುದಿರ ಅಂತಾರೆ" ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. "ತಿದ್ದಿಕೊಂಡು ಬನ್ನಿ. ನಾನು ಇಲ್ಲೇ ಇರ್ತೇನೆ."

ಪಕ್ಕದ ಅಂಗಡಿಯಿಂದ ಪೆನ್ನು ಕೇಳಿ ತಿದ್ದಿ ತಂದೆ. ಕಾಗದ ಈಗಲೂ ಅಲ್ಲಿದೆ, ಒಂದು ಮೂಲೆ ಮಳೆಗಾಲದ ತೇವಕ್ಕೆ ಎದ್ದಿದೆ.